ಒಂದು ಕೇಬಲ್ ಹೆಚ್ಚಾದರೆ

ಕಚೇರಿಯ ಮೂಲೆಯಲ್ಲಿ ಮಿಣಮಿಣ ಎನ್ನುತ್ತ ಕುಳಿತ, ಕಂಪ್ಯೂಟರುಗಳನ್ನು ಕೇಬಲುಗಳಿಂದ ಜೋಡಿಸುವ ಸ್ವಿಚ್‌ಗೆ ಜಾಲದ ನಕ್ಷೆಯನ್ನು ಯಾರೂ ಕೊಟ್ಟಿರುವುದಿಲ್ಲ. ಯಾವ ಪೋರ್ಟಿನಿಂದ (ಕೇಬಲ್ ಸಿಕ್ಕಿಸುವ ಕಿಂಡಿಯಿಂದ) ಯಾರ ಮಾಹಿತಿ ಬಂತೆಂದು ನೋಡಿ ನೋಡಿಯೇ ಅದು ವಿಳಾಸಗಳ ಪಟ್ಟಿ ಬರೆದುಕೊಳ್ಳುತ್ತದೆ. ಗುರುತಿಲ್ಲದ ವಿಳಾಸಕ್ಕೆ ಫ್ರೇಮ್, ಅಂದರೆ ಮಾಹಿತಿಯ ಕಟ್ಟು, ಬಂದರೆ ಡಂಗುರ ಸಾರಿದ ಹಾಗೆ, ಅದು ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಪ್ರತಿ ಕಳಿಸುತ್ತದೆ.

ಒಂದು ಕೇಬಲ್ ತುಂಡಾದರೂ ಕೆಲಸ ನಿಲ್ಲದಿರಲೆಂದು ಎರಡು ಸ್ವಿಚ್‌ಗಳ ನಡುವೆ ಇನ್ನೊಂದನ್ನು ಎಳೆಯುತ್ತೇವೆ. ಅಪಾಯ ಅಲ್ಲೇ ಇದೆ. ಮೊದಲ ಸ್ವಿಚ್ ಸಾರಿದ್ದನ್ನು ಎರಡನೆಯದು ಬೇರೆ ಕೇಬಲಿನಿಂದ ಮೊದಲನೆಯದಕ್ಕೇ ಸಾರುತ್ತದೆ. ಅದು ಮತ್ತೆ ಸಾರುತ್ತದೆ. ಜಾಲದಿಂದ ಜಾಲಕ್ಕೆ ದಾಟಿಸುವ ರೂಟರುಗಳ ಮೂಲಕ ಸಾಗುವ ಐಪಿ ಪ್ಯಾಕೆಟ್ಟಿಗೆ (ಇಂಟರ್ನೆಟ್ಟಿನ ಮಾಹಿತಿ ಕಟ್ಟಿಗೆ) ಆಯುಸ್ಸಿನ ಲೆಕ್ಕವಿದೆ: ಪ್ರತಿ ರೂಟರ್ ಒಂದನ್ನು ಕಳೆಯುತ್ತದೆ, ಸೊನ್ನೆಯಾದೊಡನೆ ಎಸೆಯುತ್ತದೆ. ಸ್ವಿಚ್ಚುಗಳ ಕೇಬಲ್ ಜಾಲವಾದ ಈಥರ್ನೆಟ್ಟಿನ ಫ್ರೇಮಿಗೆ ಆ ಲೆಕ್ಕವಿಲ್ಲ. ಅದು ಸುತ್ತುತ್ತಲೇ ಇರುತ್ತದೆ. ಸುತ್ತುದಾರಿಗಳು ಹಲವಿದ್ದರೆ ಪ್ರತಿಗಳು ಮರಿ ಹಾಕಿ, ಕೆಲವೇ ಕ್ಷಣಗಳಲ್ಲಿ ಜಾಲಕ್ಕೆ ಉಸಿರುಗಟ್ಟುತ್ತದೆ.

1985ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದವರು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್. ಜಾಲವನ್ನು ಸುತ್ತಿಲ್ಲದ ಮರವಾಗಿಸುವ ಅವರ ಸ್ಪ್ಯಾನಿಂಗ್ ಟ್ರೀ ವಿಧಾನದಲ್ಲಿ ಪ್ರತಿ ಸ್ವಿಚ್ಚೂ ಮೊದಲು 'ನಾನೇ ಬೇರು' ಎಂದು ಸಾರುತ್ತದೆ. ತನಗಿಂತ ಚಿಕ್ಕ ಗುರುತುಸಂಖ್ಯೆ ಕಿವಿಗೆ ಬಿದ್ದೊಡನೆ ಹಟ ಬಿಡುತ್ತದೆ. ಕೊನೆಗೆ ಒಂದೇ ಬೇರು ಉಳಿಯುತ್ತದೆ. ಉಳಿದವು ಅದನ್ನು ಮುಟ್ಟಲು ಅತಿ ಕಡಿಮೆ ವೆಚ್ಚದ (ಹಣವಲ್ಲ; ವೇಗದ ಕೇಬಲಿಗೆ ವೆಚ್ಚ ಕಡಿಮೆ ಎಂಬ ಲೆಕ್ಕ) ದಾರಿಯನ್ನು ಇಟ್ಟುಕೊಂಡು, ಸುತ್ತು ಉಂಟುಮಾಡುವ ಪೋರ್ಟುಗಳನ್ನು ತಡೆಯುತ್ತವೆ. ಇಡೀ ಜಾಲವನ್ನು ಕಂಡವರು ಇಲ್ಲಿ ಯಾರೂ ಇಲ್ಲ. ಪಕ್ಕದವರ ಮಾತನ್ನಷ್ಟೇ ಕೇಳಿ ಸುತ್ತಿಲ್ಲದ ಮರವೊಂದು ರೂಪುಗೊಳ್ಳುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಬೆರಗು ಹುಟ್ಟಿಸುತ್ತದೆ.

ಆದರೆ ಗುರುತುಸಂಖ್ಯೆಯ ಮೊದಲ ಭಾಗವಾದ ಆದ್ಯತೆಯನ್ನು ಯಾರೂ ಹೊಂದಿಸದಿದ್ದರೆ ಎಲ್ಲ ಸ್ವಿಚ್‌ಗಳಲ್ಲೂ ಅದು 32768 ಆಗಿಯೇ ಇರುತ್ತದೆ. ಆಗ ಚಿಕ್ಕ ಮ್ಯಾಕ್ ವಿಳಾಸದ್ದು (ತಯಾರಕರು ಕೊಟ್ಟ ಗುರುತು ಚಿಕ್ಕದಿರುವುದು), ಎಷ್ಟೋ ಸಲ ಮೂಲೆಯ ಹಳೆಯ ಪೆಟ್ಟಿಗೆಯೇ, ಬೇರಿನ ಪಟ್ಟಕ್ಕೇರಿಬಿಡುತ್ತದೆ. ಬೇರು 2 ಸೆಕೆಂಡಿಗೊಮ್ಮೆ ತನ್ನ ಇರವನ್ನು ತಿಳಿಸುತ್ತದೆ. 20 ಸೆಕೆಂಡು ಸುದ್ದಿಯಿಲ್ಲದಿದ್ದರೆ ಹೊಸ ಲೆಕ್ಕ ಆರಂಭ. ಹಳೆಯ ವಿಧಾನದಲ್ಲಿ ಇದಕ್ಕೆಲ್ಲ 50 ಸೆಕೆಂಡು ಹಿಡಿಯುತ್ತಿತ್ತು. 2001ರ ವೇಗದ ಆವೃತ್ತಿಗೆ ಕೆಲವೇ ಸೆಕೆಂಡು ಸಾಕು.

ಈ ಕಾಲಮಿತಿಗಳನ್ನು 7 ಸ್ವಿಚ್‌ಗಳಷ್ಟು ಉದ್ದದ ಜಾಲಕ್ಕೆಂದು ಲೆಕ್ಕ ಹಾಕಲಾಗಿತ್ತು. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಅದನ್ನು ಮೀರಿ ಬೆಳೆದಿತ್ತು. 2002ರ ನವೆಂಬರಿನಲ್ಲಿ ಅದು ಕುಸಿದಾಗ ವೈದ್ಯರು ಸುಮಾರು ನಾಲ್ಕು ದಿನ ಕಾಗದದ ಮೇಲೆ ಔಷಧಿ ಬರೆದುಕೊಟ್ಟರು.

ತಡೆದ ಪೋರ್ಟಿನ ದೀಪ ಹಲವು ಸ್ವಿಚ್‌ಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೆಟ್ಟಿದೆಯೆಂದು ಆ ಕೇಬಲನ್ನು ಕೀಳಬೇಡಿ; ಅದು ಸರದಿ ಕಾಯುತ್ತಿರಬಹುದು.