ನೊರೆ ಎಷ್ಟು ಬಂತು ಅಂತಲ್ಲ, ಕೊಳೆ ಹೋಯಿತೇ ನೋಡಿ

ಪ್ರಶ್ನೆ: ದೇವರು ನನ್ನನ್ನು ಕ್ಷಮಿಸಿದ್ದಾರೆ ಅಂದಮೇಲೆ ಮತ್ತೆ ಮತ್ತೆ ಪಶ್ಚಾತ್ತಾಪ ಪಡುವುದು ಯಾಕೆ? ಮೊದಮೊದಲು ಪ್ರಾರ್ಥನೆಗೆ ಕೂತರೆ ಅಳು ತಡೆಯಲು ಆಗುತ್ತಿರಲಿಲ್ಲ. ಈಗ ಕಣ್ಣಲ್ಲಿ ಒಂದು ಹನಿಯೂ ಬರುವುದಿಲ್ಲ. ನನ್ನ ಪಶ್ಚಾತ್ತಾಪ ಸುಳ್ಳೇ?

ಉತ್ತರ: ಇದರಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದಕ್ಕೆ ಉತ್ತರ ಯೋಹಾನ 13ರಲ್ಲಿಯೇ ಇದೆ. ಕಾಲು ತೊಳೆಯಲು ಯೇಸುಸ್ವಾಮಿ ಬಗ್ಗಿದಾಗ ಪೇತ್ರ ಮೊದಲು ಬೇಡವೇ ಬೇಡ ಅಂದ. ಆಮೇಲೆ, ಹಾಗಾದರೆ ಕೈಯನ್ನೂ ತಲೆಯನ್ನೂ ತೊಳೆಯಿರಿ ಅಂದ. ಸ್ನಾನ ಮಾಡಿಕೊಂಡವನು ಕಾಲು ತೊಳೆದುಕೊಂಡರೆ ಸಾಕು ಎಂಬುದು ಅವನಿಗೆ ಸಿಕ್ಕ ಉತ್ತರ. ಗ್ರೀಕ್ ಮೂಲದಲ್ಲಿ ಇಲ್ಲಿ ಎರಡು ಬೇರೆ ಕ್ರಿಯಾಪದಗಳಿವೆ. 'ಲೂಓ' ಅಂದರೆ ಮೈಯೆಲ್ಲ ಸ್ನಾನ, 'ನಿಪ್ತೋ' ಅಂದರೆ ಕೈಯೋ ಕಾಲೋ ತೊಳೆಯುವುದು. ಕ್ರಿಸ್ತನಲ್ಲಿ ನಂಬಿಕೆಯಿಟ್ಟು ದೀಕ್ಷಾಸ್ನಾನ ಪಡೆದದ್ದು ಒಂದೇ ಸಲ, ಅದನ್ನು ಮತ್ತೆ ಮಾಡುವಂತಿಲ್ಲ. ಆದರೆ ದಾರಿಯ ಧೂಳು ದಿನಾ ಕಾಲಿಗೆ ಮೆತ್ತುತ್ತದೆ. ಅದಕ್ಕೇ ಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ಅಂದಂದಿನ ಆಹಾರವನ್ನು ಬೇಡುವ ಬೆನ್ನಲ್ಲೇ ಕ್ಷಮೆಯನ್ನೂ ಬೇಡುತ್ತೇವೆ. 1 ಯೋಹಾನ 1:7ರಲ್ಲಿ 'ಶುದ್ಧಿಮಾಡುತ್ತದೆ' ಎಂಬ ಮಾತು ವರ್ತಮಾನಕಾಲದಲ್ಲಿ ಇರುವುದನ್ನೂ ಗಮನಿಸಿ.

ಇಷ್ಟಾದರೂ ಒಂದು ಗೊಂದಲ ಉಳಿಯುತ್ತದೆ. ಒಪ್ಪಿಕೊಂಡು, ಕ್ಷಮೆ ಪಡೆದು, ಬಿಟ್ಟುಬಿಟ್ಟ ಹಳೆಯ ತಪ್ಪೊಂದನ್ನೇ ವರ್ಷಗಟ್ಟಲೆ ಕೆದಕಿ ಕ್ಷಮೆ ಕೇಳುವುದು ಬೇರೆ, ಅದೇ ತಪ್ಪನ್ನು ಮತ್ತೆ ಮಾಡಿ ಕ್ಷಮೆ ಕೇಳುವುದು ಬೇರೆ. ಮೊದಲನೆಯದು ಒಗೆದು ಒಣಗಿಸಿದ ಬಟ್ಟೆಯನ್ನೇ ಮತ್ತೆ ತಂದು ಉಜ್ಜಿದ ಹಾಗೆ, ನೂಲು ಸವೆಯುತ್ತದೆಯೇ ಹೊರತು ಬಟ್ಟೆ ಇನ್ನಷ್ಟು ಶುಭ್ರವಾಗುವುದಿಲ್ಲ. ಎರಡನೆಯದು ಹೊಸ ಕೊಳೆ, ಅದನ್ನು ತೊಳೆಯಲೇಬೇಕು.

ಇನ್ನು ಅಳುವಿನ ವಿಚಾರ. ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ, ಆದ್ದರಿಂದ ಇವತ್ತು ನಿಧಾನವಾಗಿ ಹೇಳುತ್ತೇನೆ. ಹೆಚ್ಚು ಅತ್ತವರಿಗೆ ಹೆಚ್ಚು ಶುದ್ಧಿ, ಅಳು ಬಾರದವರದ್ದು ಕಲ್ಲು ಮನಸ್ಸು ಎಂಬ ನಂಬಿಕೆ ನಮ್ಮ ಸಭೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಬಟ್ಟೆ ಒಗೆಯುವಾಗ ನೊರೆ ಹೆಚ್ಚಾದಷ್ಟು ಬಟ್ಟೆ ಶುಭ್ರ ಎಂದು ನಂಬುವುದೂ ಇಂಥದ್ದೇ ತಪ್ಪು. ಸಾಬೂನಿನ ಕಣಕ್ಕೆ ಎರಡು ತುದಿ, ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು. ಅಂಥ ಕಣಗಳು ಜಿಡ್ಡಿನ ಸುತ್ತ ಗುಂಪಾಗಿ ಅದನ್ನು ನೂಲಿನಿಂದ ಬಿಡಿಸುತ್ತವೆ, ನೀರು ಅದನ್ನು ಹೊತ್ತೊಯ್ಯುತ್ತದೆ. ಕೆಲಸ ನಡೆಯುವುದು ಅಲ್ಲಿ. ನೊರೆ ಅನ್ನುವುದು ಸಾಬೂನಿನ ಪೊರೆಯೊಳಗೆ ಸಿಕ್ಕಿಕೊಂಡ ಗಾಳಿ, ಅಷ್ಟೇ. ಮುಂಬಾಗಿಲಿನ ವಾಷಿಂಗ್ ಮಷೀನಿಗೆ ಮಾಡುವ ಪುಡಿಯಲ್ಲಿ ಬೇಕೆಂದೇ ನೊರೆ ಕಡಿಮೆ ಇಟ್ಟಿರುತ್ತಾರೆ. ಪುಡಿ ಅತಿಯಾಗಿ ಸುರಿದರೆ ಬಟ್ಟೆಗಳು ನೊರೆಯ ಮೇಲೆ ತೇಲುತ್ತವೆ, ಒಂದಕ್ಕೊಂದು ಉಜ್ಜಿಕೊಳ್ಳುವುದೇ ಇಲ್ಲ. ಜಾಲಿಸಿದ ಮೇಲೂ ಸಾಬೂನು ನೂಲಿನಲ್ಲೇ ಉಳಿಯುತ್ತದೆ, ಒಣಗಿದ ಬಟ್ಟೆ ಸೆಟೆದು ನಿಲ್ಲುತ್ತದೆ, ಮೈ ತುರಿಸುತ್ತದೆ, ಧೂಳು ಮೊದಲಿಗಿಂತ ಬೇಗ ಅಂಟುತ್ತದೆ. ಒಗೆದದ್ದು ಸರಿಯಾಯಿತೇ ಎಂದು ತಿಳಿಯಬೇಕಿದ್ದರೆ ನೊರೆಯನ್ನಲ್ಲ, ಕೊನೆಯಲ್ಲಿ ಜಾಲಿಸಿದ ನೀರನ್ನು ನೋಡಬೇಕು.

ಈಗ ಬೈಬಲ್ ತೆರೆಯಿರಿ. 1 ಸಮುವೇಲ 24ರಲ್ಲಿ, ದಾವೀದನನ್ನು ಕೊಲ್ಲಲು ಬೆನ್ನಟ್ಟುತ್ತಿದ್ದ ಅರಸ ಸೌಲ ಗಟ್ಟಿಯಾಗಿ ಅಳುತ್ತಾನೆ. ನೀನು ನನಗಿಂತ ನೀತಿವಂತ ಎಂದು ದಾವೀದನಿಗೆ ಬಾಯಿಬಿಟ್ಟು ಹೇಳುತ್ತಾನೆ. ಕಣ್ಣೀರೂ ಉಂಟು, ತಪ್ಪೊಪ್ಪಿಗೆಯೂ ಉಂಟು. ಎರಡು ಅಧ್ಯಾಯ ದಾಟಿ 26ಕ್ಕೆ ಬನ್ನಿ: ಅದೇ ಸೌಲ 3000 ಮಂದಿಯನ್ನು ಕಟ್ಟಿಕೊಂಡು ಅದೇ ದಾವೀದನನ್ನು ಹುಡುಕುತ್ತಿದ್ದಾನೆ. ಇನ್ನೊಂದು ಕಡೆ, ಪ್ರವಾದಿ ನಾತಾನನು ಎದುರಿಗೆ ನಿಂತು ತಪ್ಪನ್ನು ತೋರಿಸಿದಾಗ ದಾವೀದ ಹೇಳಿದ್ದು ಹೀಬ್ರೂ ಭಾಷೆಯಲ್ಲಿ ಎರಡೇ ಪದ, ಯೆಹೋವನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆ ಎಂದು. ಕ್ಷಮೆಯ ಮಾತು ಅದೇ ವಚನದಲ್ಲಿ ಬಂತು. ಸುಂಕ ವಸೂಲಿಯ ಜಕ್ಕಾಯ ಅತ್ತನೆಂದು ಲೂಕ ಎಲ್ಲಿಯೂ ಬರೆದಿಲ್ಲ. ಸಂತೋಷದಿಂದ ಸ್ವಾಮಿಯನ್ನು ಮನೆಗೆ ಬರಮಾಡಿಕೊಂಡ, ಎದ್ದು ನಿಂತ, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಅಂದ. ಈ ಮನೆಗೆ ರಕ್ಷಣೆ ಬಂತು ಎಂದು ಸ್ವಾಮಿ ಹೇಳಿದ್ದು ಆ ಮಾತಿನ ಮೇಲೆ.

ಯೂದ ಇಸ್ಕರಿಯೋತನನ್ನೂ ಮರೆಯಬೇಡಿ. ಅವನು ನೊಂದುಕೊಂಡ, ನಿರಪರಾಧಿಯನ್ನು ಹಿಡಿದುಕೊಟ್ಟೆ ಎಂದು ಒಪ್ಪಿದ, 30 ಬೆಳ್ಳಿ ನಾಣ್ಯಗಳನ್ನು ತಿರುಗಿ ಎಸೆದ. ಸ್ವಾಮಿಯನ್ನು ಅರಿಯೆನೆಂದ ಪೇತ್ರನೂ ನೊಂದು ಬಹಳವಾಗಿ ಅತ್ತ. ಇಬ್ಬರ ದುಃಖವೂ ನಿಜವೇ. ಒಬ್ಬನ ದುಃಖ ಅವನನ್ನು ಒಂಟಿಯಾಗಿ ಸಾವಿನ ಕಡೆಗೆ ಎಳೆಯಿತು, ಇನ್ನೊಬ್ಬನ ದುಃಖ ಅವನನ್ನು ಸ್ವಾಮಿಯ ಬಳಿಗೆ ತಿರುಗಿಸಿತು. 2 ಕೊರಿಂಥ 7:10ರಲ್ಲಿ ಪೌಲ ದೇವರ ಚಿತ್ತಾನುಸಾರವಾದ ದುಃಖ, ಲೋಕದ ದುಃಖ ಎಂದು ಬೇರೆ ಬೇರೆಯಾಗಿ ಹೇಳುವುದು ಇದನ್ನೇ.

ಈ ತಪ್ಪು ತಿಳಿವಳಿಕೆಗೆ ನಾವು ಬಳಸುವ ಪದವೂ ಸ್ವಲ್ಪ ಕಾರಣ. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಬೇಗೆ. ಮಾಡಿ ಮುಗಿಸಿದ ಮೇಲೆ ಒಳಗೆ ಸುಡುವುದು ಎಂಬಷ್ಟೇ ಆ ಪದದ ಅರ್ಥ. ಗ್ರೀಕಿನ 'ಮೆತಾನೋಯಾ' ಮನಸ್ಸು ಬದಲಾಗುವುದು, ಹೀಬ್ರೂವಿನ 'ಶೂವ್' ಹಿಂದಿರುಗಿ ಬರುವುದು. ಎರಡರಲ್ಲೂ ಬೇಗೆಯ ಸುಳಿವಿಲ್ಲ. ನಮ್ಮಲ್ಲೇ ಬಳಕೆಯಲ್ಲಿರುವ 'ಮಾನಸಾಂತರ', 'ದೇವರ ಕಡೆಗೆ ತಿರುಗಿಕೊಳ್ಳುವುದು' ಎಂಬ ಮಾತುಗಳು ಮೂಲಕ್ಕೆ ಎಷ್ಟೋ ಹತ್ತಿರ. 1517ರಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ 95 ವಾದಗಳಲ್ಲಿ ಮೊಟ್ಟಮೊದಲನೆಯದೇ ಇದರ ಬಗ್ಗೆ: ಮಾನಸಾಂತರ ಹೊಂದಿರಿ ಎಂದು ಕ್ರಿಸ್ತನು ಹೇಳಿದ್ದು ವಿಶ್ವಾಸಿಯ ಇಡೀ ಬಾಳೇ ಹಾಗಿರಲಿ ಎಂದು. ಇಡೀ ಬಾಳು ಅತ್ತುಕೊಂಡೇ ಇರಲು ಯಾರಿಂದಲೂ ಆಗದು, ದಿನವೂ ತಿರುಗಿಕೊಳ್ಳಲು ಆಗುತ್ತದೆ. ಅಳು ತಪ್ಪು ಅನ್ನುತ್ತಿಲ್ಲ. ಬಂದರೆ ಬರಲಿ, ಅದು ದೇವರಿಗೆ ಪ್ರಿಯವೇ. ಬಾರದಿದ್ದರೆ ಬಲವಂತವಾಗಿ ತರಿಸಿಕೊಳ್ಳಬೇಡಿ.

ಹಾಗಾದರೆ ಮಾಡಬೇಕಾದ್ದೇನು ಅಂತ ಕೇಳಿದರೆ ನಾನು ಯಾಜಕಕಾಂಡ 14ನ್ನು ಓದಲು ಹೇಳುತ್ತೇನೆ. ಬೂಷ್ಟು ಹಿಡಿದ ಮನೆಯ ಬಗ್ಗೆ ಇರುವ ಆ ಭಾಗವನ್ನು ಬಹಳ ಮಂದಿ ಹಾರಿಸಿಕೊಂಡು ಹೋಗುತ್ತಾರೆ, ಅದು ನಷ್ಟ. ಮನೆಯವನೇ ಹೋಗಿ, ಮನೆಯಲ್ಲಿ ಏನೋ ಕಾಣುತ್ತಿದೆ ಎಂದು ಯಾಜಕನಿಗೆ ತಿಳಿಸಬೇಕು. ಯಾಜಕ ಬರುವ ಮುಂಚೆ ಸಾಮಾನನ್ನೆಲ್ಲ ಹೊರಗಿಡಬೇಕು. ಗೋಡೆಯಲ್ಲಿ ಹಸುರು ಅಥವಾ ಕೆಂಪು ಗುಳಿಗಳಿದ್ದು ಅವು ಮೇಲ್ಮೈಗಿಂತ ಆಳವಾಗಿ ಕಂಡರೆ ಮನೆಯನ್ನು 7 ದಿನ ಮುಚ್ಚಿಡಬೇಕು. ಏಳನೆಯ ದಿನ ಹಬ್ಬಿದ್ದು ಕಂಡರೆ ಆ ಕಲ್ಲುಗಳನ್ನೇ ಕಿತ್ತು ಊರ ಹೊರಗೆ ಹಾಕಿಸಿ, ಒಳಗಿನ ಗೋಡೆಯನ್ನು ಸುತ್ತಲೂ ಕೆರೆಸಿ, ಬೇರೆ ಕಲ್ಲು, ಬೇರೆ ಗಾರೆ ಹಾಕಿಸಬೇಕು. ಆಮೇಲೂ ಬಂದರೆ ಮನೆಯನ್ನೇ ಕೆಡವಬೇಕು. ಗುಣವಾದರೆ ಶುದ್ಧೀಕರಣಕ್ಕೆ ಬಳಸುವುದರಲ್ಲಿ ಹಿಸ್ಸೋಪು ಎಂಬ ಗಿಡವೂ ಒಂದು. 51ನೆಯ ಕೀರ್ತನೆಯಲ್ಲಿ ದಾವೀದ ಬೇಡುವುದೂ ಅದೇ ಹಿಸ್ಸೋಪಿನಿಂದ ಶುದ್ಧಿ. ಗಮನಿಸಿ, ಕಲೆಯ ಮೇಲೆ ಸುಣ್ಣ ಬಳಿದು ಮುಚ್ಚುವ ಹಂತ ಇದರಲ್ಲಿ ಎಲ್ಲಿಯೂ ಇಲ್ಲ.

ಇಂದಿನ ಗೋಡೆಗೂ ಕ್ರಮ ಇಷ್ಟೇ. ಬೂಷ್ಟು ಕಂಡ ಕೂಡಲೇ ಬಣ್ಣ ಬಳಿದರೆ ಕೆಲವು ತಿಂಗಳಲ್ಲಿ ಬಣ್ಣ ಗುಳ್ಳೆಯೆದ್ದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಗಾರೆಯ ಮೇಲೆ ಬ್ಲೀಚಿಂಗ್ ನೀರು ಒರೆಸಿದರೆ ಮೇಲಿನ ಕಪ್ಪು ಬಿಳಚಿಕೊಳ್ಳುತ್ತದೆ, ಆದರೆ ಅದರ ನೀರು ಗಾರೆಯೊಳಗೆ ಇಳಿದು ಒಳಗಿನ ಬೂಷ್ಟಿಗೇ ಇನ್ನಷ್ಟು ತೇವ ಕೊಡುತ್ತದೆ. ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಒಂದು ಮೊಳ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಟೇಪ್ ಒತ್ತಿ, ಒಂದೆರಡು ದಿನ ಬಿಡಿ. ಗೋಡೆಯ ಕಡೆಗೆ ಹನಿಗಟ್ಟಿದ್ದರೆ ತೇವ ಗೋಡೆಯೊಳಗಿನದು: ಒಡೆದ ಕೊಳವೆ, ಸೋರುವ ಮಾಡು, ನೆಲದಿಂದ ಏರುವ ನೀರು. ಕೋಣೆಯ ಕಡೆಗೆ ಹನಿಗಟ್ಟಿದ್ದರೆ ತೇವ ಗಾಳಿಯದು, ಕಿಟಕಿ ತೆರೆದು ಗಾಳಿಯಾಡಿಸಬೇಕು. ಸೋರಿಕೆ ನಿಲ್ಲಿಸಿ, ಗೋಡೆ ಪೂರ್ತಿ ಒಣಗಿಸಿ, ಕಲೆಯ ಅಂಚಿಗೇ ನಿಲ್ಲಿಸದೆ ಸುತ್ತ ಒಂದು ಗೇಣಾದರೂ ಹೆಚ್ಚಿಗೆ ಕೆರೆದು ಹೊಸ ಗಾರೆ ಹಾಕಿ. ಸಿಮೆಂಟು ಗಾರೆ ಗಟ್ಟಿಯಾಗಿ ಒಣಗಲು ಸಾಮಾನ್ಯವಾಗಿ 28 ದಿನ ಬಿಡುತ್ತಾರೆ. ಅವಸರ ಮಾಡಿದರೆ ಅದೇ ಗುಳ್ಳೆ.

ಪ್ರಾರ್ಥನೆಯಲ್ಲೂ ಸಾಮಾನು ಹೊರಗಿಡುವುದು ಮೊದಲ ಕೆಲಸ. 'ನಾನು ಪಾಪಿ, ಎಲ್ಲವನ್ನೂ ಕ್ಷಮಿಸಿ' ಎಂದು ಒಟ್ಟಿಗೆ ಹೇಳಿ ಎದ್ದರೆ ಬೀರುವಿನ ಹಿಂದಿನ ಗೋಡೆಯನ್ನು ನೋಡಿದಂತಾಗಲಿಲ್ಲ. ಯಾರಿಗೆ, ಯಾವಾಗ, ಏನು ಹೇಳಿದೆ, ಏನು ಮುಚ್ಚಿಟ್ಟೆ ಎಂದು ಹೆಸರಿಟ್ಟು ಹೇಳಿ. ಹೇಳುತ್ತಾ 'ಆದರೆ ಅವರೂ ಹಾಗೇ ಮಾಡಿದರು' ಎಂಬ ಮಾತು ನಾಲಿಗೆಗೆ ಬಂದರೆ ಅಲ್ಲೇ ನಿಲ್ಲಿ. ಆಮೇಲೆ ಸೋರಿಕೆ ಹುಡುಕಿ. ಮೇಲೆ ಕಾಣುವುದು ಸುಳ್ಳು, ಒಳಗಿನ ಕೊಳವೆ ಹೊಟ್ಟೆಕಿಚ್ಚೋ, ಮರ್ಯಾದೆ ಹೋಗುವ ಭಯವೋ ಇರಬಹುದು. ಗಾಳಿಯಿಂದ ಬರುವ ತೇವವೂ ಉಂಟು: ಒಂದು ಸಹವಾಸ, ರಾತ್ರಿ ಹನ್ನೊಂದರ ಮೇಲೆ ಕೈಯಲ್ಲಿರುವ ಫೋನು. ಅದಕ್ಕೆ ಒಳಗನ್ನು ಎಷ್ಟು ಕೆರೆದರೂ ಪ್ರಯೋಜನವಿಲ್ಲ, ಕಿಟಕಿ ತೆರೆಯಬೇಕು, ಫೋನು ಬೇರೆ ಕೋಣೆಯಲ್ಲಿರಬೇಕು.

ಕಲೆಗೆ ತಕ್ಕ ಕೈ ಇರಬೇಕು ಎಂಬುದೂ ಗೊತ್ತಿರುವ ವಿಷಯವೇ. ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಅದರ ಪ್ರೋಟೀನು ಹೆಪ್ಪುಗಟ್ಟಿ ನೂಲಿಗೆ ಕಚ್ಚಿಕೊಳ್ಳುತ್ತದೆ, ಅದಕ್ಕೆ ತಣ್ಣೀರೇ ಆಗಬೇಕು. ಎಣ್ಣೆಯ ಕಲೆ ಬರೀ ತಣ್ಣೀರಿಗೆ ಜಗ್ಗುವುದಿಲ್ಲ. ಹಾಗೆಯೇ ಕದ್ದದ್ದಕ್ಕೆ ಬರೀ ಪ್ರಾರ್ಥನೆ ಸಾಲದು, ಹಿಂದಿರುಗಿಸಬೇಕು. ಯಾಜಕಕಾಂಡ 6:5 ಅಸಲಿನ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಡಲು ಹೇಳುತ್ತದೆ, ಅಂದರೆ 100 ತೆಗೆದಿದ್ದರೆ 120. ಹೆಸರು ಕೆಡಿಸಿದ್ದರೆ ಯಾರ ಮುಂದೆ ಕೆಡಿಸಿದಿರೋ ಅವರ ಮುಂದೆಯೇ ಸರಿಮಾಡಬೇಕು. ಸಹೋದರನ ಮನಸ್ಸಿನಲ್ಲಿ ನಿಮ್ಮ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗಿ ಅನ್ನುತ್ತದೆ ಮತ್ತಾಯ 5. ಕಥೋಲಿಕ ಸಭೆಯಲ್ಲಿ ಗುರುಗಳ ಬಳಿ ಪಾಪನಿವೇದನೆ ಮಾಡುವ ಕ್ರಮವಿದೆ, ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕೆಂದು 1215ರಲ್ಲಿ ನಡೆದ ಧರ್ಮಾಧ್ಯಕ್ಷರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಪ್ರೊಟೆಸ್ಟೆಂಟ್ ಸಭೆಗಳವರು ಸಾಮಾನ್ಯವಾಗಿ ನೇರವಾಗಿ ದೇವರಿಗೆ ಅರಿಕೆ ಮಾಡುತ್ತಾರೆ. ಎರಡರಲ್ಲೂ ಪಾಪವನ್ನು ಹೆಸರಿಟ್ಟು ಹೇಳುವುದು ತಪ್ಪುವುದಿಲ್ಲ.

ಒಂದನ್ನು ಮಾತ್ರ ತಲೆಕೆಳಗು ಮಾಡಿಕೊಳ್ಳಬೇಡಿ. ಇದೆಲ್ಲ ಮಾಡಿದ್ದರಿಂದ ಕ್ಷಮೆ ಗಳಿಸಿದೆವು ಅಂತಲ್ಲ. 51ನೆಯ ಕೀರ್ತನೆಯ 'ನನ್ನನ್ನು ತೊಳೆ' ಎಂಬಲ್ಲಿ ದಾವೀದ ಬಳಸುವುದು ಬಟ್ಟೆಯನ್ನು ತುಳಿದು ಒಗೆಯುವುದಕ್ಕೆ ಇರುವ ಕ್ರಿಯಾಪದ. ಬಟ್ಟೆ ತನ್ನನ್ನು ತಾನೇ ಒಗೆದುಕೊಳ್ಳುವುದಿಲ್ಲ. ಎಷ್ಟು ಸಾಬೂನು ಹಚ್ಚಿಕೊಂಡರೂ ನಿನ್ನ ದೋಷದ ಕಲೆ ನನ್ನ ಕಣ್ಣಮುಂದೆ ಇದೆ ಎಂದು ಯೆರೆಮೀಯ 2:22 ಹೇಳುವುದು ತಾವೇ ಉಜ್ಜಿಕೊಳ್ಳುವವರಿಗೆ. ಶುದ್ಧನಾದ ಮೇಲೆ ದೇವರ ಬಳಿ ಬರುತ್ತೇನೆ ಅನ್ನುವವರು ಈ ವಚನದ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ನೀವು ಕೇಳಿಲ್ಲ, ಆದರೂ ತೊಳೆದ ಮೇಲಿನ ಮಾತನ್ನು ಹೇಳದೆ ಬಿಡಲಾರೆ. ಲೂಕ 11ರಲ್ಲಿ, ಬಿಟ್ಟುಹೋದ ದೆವ್ವ ತಿರುಗಿ ಬಂದು ನೋಡಿದರೆ ಮನೆ ಗುಡಿಸಿ ಅಲಂಕರಿಸಿ ಇತ್ತು. ಅದು ತನಗಿಂತ ಕೆಟ್ಟ ಇನ್ನೂ ಏಳನ್ನು ಕರೆದುಕೊಂಡು ಒಳಗೆ ಸೇರಿತು. ಮತ್ತಾಯನು ಇದೇ ಮಾತಿಗೆ ಇನ್ನೊಂದು ಪದ ಸೇರಿಸುತ್ತಾನೆ: ಮನೆ ಬರಿದಾಗಿತ್ತು. ಗುಡಿಸಿದ್ದರಲ್ಲಿ ಕೊರತೆಯಿರಲಿಲ್ಲ, ಒಳಗೆ ವಾಸಿಸುವವರು ಇರಲಿಲ್ಲ.

ಚೊಕ್ಕವಾಗಿ ತೊಳೆದು ಬೀಗ ಹಾಕಿದ ಮನೆ ಕೆಲವು ವಾರದ ಮೇಲೆ ತೆರೆದರೆ ನಾರುವುದು ಯಾಕೆ? ಬಚ್ಚಲಿನ ಜಾಲರಿಯ ಕೆಳಗೆ ಬಾಗಿದ ಕೊಳವೆಯೊಂದಿದೆ, ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಸದಾ ನಿಂತಿರುವ ಒಂದಿಷ್ಟು ನೀರೇ ಚರಂಡಿಯ ಗಾಳಿಯನ್ನೂ ಜಿರಳೆಯನ್ನೂ ತಡೆಯುವ ಬಾಗಿಲು. ಯಾರೂ ಬಳಸದಿದ್ದರೆ ಆ ನೀರು ಆರಿಹೋಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಎಷ್ಟು ಫಿನಾಯಿಲ್ ಸುರಿದು ಉಜ್ಜಿ ಹೋಗಿದ್ದರೂ ಅಷ್ಟೇ. ದಿನವೂ ಬಳಸುವ ಬಚ್ಚಲಿಗೆ ಈ ಕಾಟವಿಲ್ಲ. ಒಂದು ಕೆಟ್ಟ ಚಾಳಿಯನ್ನು ಬಿಟ್ಟವರು ಆ ಹೊತ್ತನ್ನು ಬರಿದಾಗಿ ಇಡಬಾರದು ಎನ್ನುವುದು ಇದಕ್ಕೇ. ಮೊದಲು ಆ ಚಾಳಿಗೆ ಹೋಗುತ್ತಿದ್ದ ಅದೇ ಅರ್ಧ ಗಂಟೆಗೆ ಒಂದು ಕೀರ್ತನೆಯ ಓದು, ಮಲಗಿರುವ ರೋಗಿಯೊಬ್ಬರ ಭೇಟಿ, ಕ್ಷಮೆ ಕೇಳಬೇಕಾದವರಿಗೆ ಒಂದು ಕರೆ ಬರಲಿ. ಬೀಗ ಹಾಕಿದ್ದ ಮನೆಗೆ ಮರಳಿದವರು ಮೊದಲು ಪ್ರತಿ ಜಾಲರಿಗೂ ಒಂದೊಂದು ಚೊಂಬು ನೀರು ಸುರಿಯಲಿ, ಗುಡಿಸುವುದು ಆಮೇಲಾದರೂ ಆಗುತ್ತದೆ.