ಸೈತಾನನ ಗಂಜಿ

ಆಂಟ್‌ವರ್ಪ್ ಊರಿನ ಒಬ್ಬ ಶ್ರೀಮಂತ ವ್ಯಾಪಾರಿಯ ಮಗಳು ಮದುವೆಗೆ ಹೊರಟಿದ್ದಳಂತೆ. ಇಸವಿ 1582. ಅವಳ ಕೊರಳಪಟ್ಟಿಗೆ ಹಾಕಿದ ಗಂಜಿ ಮನಸ್ಸಿಗೆ ಬರಲಿಲ್ಲ. ಬೇರೆ ಅಗಸಗಿತ್ತಿಯನ್ನು ಕರೆಸಿದಳು. ಅದೂ ಸರಿ ಹೋಗಲಿಲ್ಲ. ಪಟ್ಟಿಯನ್ನು ನೆಲಕ್ಕೆ ಎಸೆದು, ಇನ್ನೊಮ್ಮೆ ಇದನ್ನು ತೊಟ್ಟರೆ ಸೈತಾನನೇ ನನ್ನನ್ನು ಎತ್ತಿಕೊಂಡು ಹೋಗಲಿ ಎಂದಳು. ಸೈತಾನ ಚೆಂದದ ಹುಡುಗನ ವೇಷದಲ್ಲಿ ಬಂದೇಬಿಟ್ಟ. ಪಟ್ಟಿಯ ಮಡಿಕೆಗಳನ್ನು ಸೊಗಸಾಗಿ ಕೂರಿಸಿಕೊಟ್ಟ, ಮುತ್ತು ಕೊಟ್ಟ, ಕತ್ತು ಮುರಿದ. ಶವಪೆಟ್ಟಿಗೆ ಎತ್ತಲಾರದಷ್ಟು ಭಾರವಾಯಿತು. ತೆಗೆದು ನೋಡಿದರೆ ಹೆಣವೇ ಇಲ್ಲ. ಒಂದು ಕರಿಬೆಕ್ಕು ಒಳಗೆ ಕೂತು ಕೊರಳಪಟ್ಟಿಗೆ ಮಡಿಕೆ ಹಾಕುತ್ತಿತ್ತು!

ಈ ಕಥೆಯನ್ನು ಅಚ್ಚು ಹಾಕಿಸಿದವನು ಫಿಲಿಪ್ ಸ್ಟಬ್ಸ್ ಎಂಬ ಇಂಗ್ಲಿಷಿನವನು. ಗಂಜಿಯನ್ನು ಅವನು ಸೈತಾನನ ದ್ರವ ಅಂತಲೇ ಕರೆದ. ನಮ್ಮ ಅಮ್ಮ ಭಾನುವಾರ ಬೆಳಿಗ್ಗೆ ಅನ್ನ ಬಸಿದು ಒಂದು ಬೋಗುಣಿಯಲ್ಲಿ ಎತ್ತಿಡುತ್ತಿದ್ದ ಗಂಜಿಗೆ ಇಷ್ಟು ಕೆಟ್ಟ ಹೆಸರಿತ್ತು ಅಂತ ಗೊತ್ತಾದಾಗ ನನಗೆ ನಗು ತಡೆಯಲಾಗಲಿಲ್ಲ.

ಆ ಕಾಲದ ಯುರೋಪಿನ ಚಿತ್ರಗಳನ್ನು ನೀವು ನೋಡಿರುತ್ತೀರಿ. ದೊಡ್ಡ ಸೇವಂತಿಗೆಯ ನಡುವೆ ಮುಖ ಇಟ್ಟ ಹಾಗೆ ಕುತ್ತಿಗೆ ಸುತ್ತ ಬಿಳೀ ಮಡಿಕೆಗಳ ಚಕ್ರ. ಅದಕ್ಕೆ ರಫ್ ಅಂತ ಹೆಸರು. ಶೃಂಗಾರ ಅಂದರೆ ಹೆಂಗಸರದ್ದು ಅಂತ ಈಗ ಅಂದುಕೊಳ್ಳುತ್ತೇವೆ. ಆಗ ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್ ತೊಟ್ಟದ್ದನ್ನೇ ಅವಳ ಆಸ್ಥಾನದ ಗಡ್ಡದ ಗಂಡಸರೂ ತೊಡುತ್ತಿದ್ದರು. ಕೆಲವು ಸಲ ಇನ್ನೂ ಜಾಸ್ತಿ. ಹಲವು ಗಜ ತೆಳ್ಳನೆಯ ಲಿನನ್ ಬಟ್ಟೆಯನ್ನು ಒಂದು ಕುತ್ತಿಗೆಯ ಅಳತೆಗೆ ನೆರಿಗೆ ಹಿಡಿಯಬೇಕು. ಬಟ್ಟೆ ತೆಳುವಾದಷ್ಟೂ ಅಂದ, ಆದರೆ ತೆಳು ಬಟ್ಟೆ ನಿಲ್ಲುವುದಿಲ್ಲ. ನಿಲ್ಲಿಸುವ ವಿದ್ಯೆ ಇಂಗ್ಲೆಂಡಿನವರಿಗೆ ಸರಿಯಾಗಿ ಗೊತ್ತಿರಲಿಲ್ಲ. 1564ರಲ್ಲಿ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಿಂದ ಡಿಂಗೆನ್ ಎಂಬ ಹೆಂಗಸು ಗಂಡನ ಜೊತೆ ಲಂಡನ್ನಿಗೆ ಬಂದು ಇದನ್ನೇ ಪಾಠ ಹೇಳಿದಳು. ಬಟ್ಟೆಗೆ ಗಂಜಿ ಹಾಕುವುದನ್ನು ಕಲಿಸಲು ನಾಲ್ಕೈದು ಪೌಂಡ್. ಗಂಜಿ ಕಾಯಿಸುವುದಕ್ಕೆ ಬೇರೆ 20 ಶಿಲಿಂಗ್, ಅಂದರೆ ಇನ್ನೊಂದು ಪೌಂಡ್!

ಕಾಯಿಸುವುದರಲ್ಲಿ ಏನಿದೆ ಅಂತೀರಾ? ಎಲ್ಲ ಇರುವುದೇ ಅಲ್ಲಿ. ಹಿಟ್ಟನ್ನು ತಣ್ಣೀರಿಗೆ ಹಾಕಿ ಕದಡಿ, ಸ್ವಲ್ಪ ಹೊತ್ತು ಬಿಡಿ. ತಳಕ್ಕೆ ಇಳಿದು ಕೂರುತ್ತದೆ. ಹಿಟ್ಟಿನಲ್ಲಿರುವ ಪಿಷ್ಟದ ಒಂದೊಂದು ಕಣವೂ ಬಿಗಿಯಾಗಿ ಸುತ್ತಿದ ನೂಲಿನ ಉಂಡೆ, ತಣ್ಣೀರು ಒಳಗೆ ಹೆಚ್ಚು ನುಗ್ಗಲಾರದು. ಬಿಸಿ ಸುಮಾರು 60 ಡಿಗ್ರಿ ದಾಟುತ್ತಿದ್ದ ಹಾಗೆ ಉಂಡೆ ಸಡಿಲವಾಗುತ್ತದೆ, ನೀರು ನುಗ್ಗುತ್ತದೆ, ಕಣ ಊದಿ ಒಡೆಯುತ್ತದೆ. ಒಳಗಿನ ಉದ್ದುದ್ದ ಎಳೆಗಳು ಬೇಯುವ ಶಾವಿಗೆಯ ಹಾಗೆ ಹೊರಗೆ ಚೆಲ್ಲುತ್ತವೆ. ಗಂಜಿ ಮಂದವಾಗುವುದು, ತಿಳಿಯಾಗಿ ಹೊಳೆಯುವುದು ಆಗಲೇ.

ಬಟ್ಟೆಯನ್ನು ಇದರಲ್ಲಿ ಅದ್ದಿದರೆ ಈ ಶಾವಿಗೆ ಎಳೆಗಳು ನೂಲಿನ ಸಂದಿಗಳಿಗೆ ಇಳಿಯುತ್ತವೆ. ತಮಾಷೆ ಏನೆಂದರೆ ಅವೆರಡೂ ದಾಯಾದಿಗಳು. ಲಿನನ್, ಹತ್ತಿಯ ಸೆಲ್ಯುಲೋಸ್ ಕೂಡ ಗ್ಲುಕೋಸಿನ ಸರ, ಪಿಷ್ಟವೂ ಗ್ಲುಕೋಸಿನ ಸರ. ಮಣಿ ಅದೇ, ಪೋಣಿಸಿದ ರೀತಿ ಬೇರೆ. ಅದಕ್ಕೇ ಅನ್ನ ನಮಗೆ ಜೀರ್ಣವಾಗುತ್ತದೆ, ಪಂಚೆ ಆಗುವುದಿಲ್ಲ. ನೀರು ಆರುತ್ತಾ ಬಂದ ಹಾಗೆ ದಾಯಾದಿಗಳು ಹತ್ತಿರ ಬಂದು ಹೈಡ್ರೋಜನ್ ಬಂಧಗಳೆಂಬ ಸಣ್ಣ ಸಣ್ಣ ಕೊಕ್ಕೆಗಳಿಂದ ಅಂಟಿಕೊಳ್ಳುತ್ತವೆ. ಹೊಲದಲ್ಲಿ ಓಡಾಡಿ ಬಂದರೆ ಪಂಚೆಗೆ ಉತ್ತರಾಣಿ ಹತ್ತಿರುತ್ತದಲ್ಲ, ಹಾಗೆ. ಒಂದನ್ನು ಕೀಳುವುದು ಸುಲಭ. ನೂರಾರು ಹತ್ತಿದ್ದರೆ ಸಾಕಾಗಿ ಹೋಗುತ್ತದೆ. ಇನ್ನೂ ಸುಲಭವಾಗಿ ಹೇಳಬೇಕೆಂದರೆ ಅಕ್ಕಿ ಸಂಡಿಗೆ ನೆನೆಸಿಕೊಳ್ಳಿ. ಹುಯ್ಯುವಾಗ ನೀರುನೀರು, ಒಣಗಿದ ಮೇಲೆ ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಎಲಿಜಬೆತ್ ರಾಣಿ ಕೊರಳಿಗೆ ಹಾಕಿಕೊಂಡಿದ್ದು ಬಟ್ಟೆಯ ಮೇಲೆ ಹುಯ್ದ ಸಂಡಿಗೆ.

ಇನ್ನೂ ಸ್ವಲ್ಪ ಪಸೆ ಇರುವಾಗಲೇ ಕಾದ ಕಬ್ಬಿಣದ ಕೋಲನ್ನು ಒಂದೊಂದು ಮಡಿಕೆಗೂ ತೂರಿಸಿ 8ರ ಆಕಾರಕ್ಕೆ ತರುತ್ತಿದ್ದರು. ಪಸೆ ಮತ್ತು ಬಿಸಿ ಬಂಧಗಳನ್ನು ಸಡಿಲಿಸುತ್ತವೆ, ಆರಿದಾಗ ಅವು ಹೊಸ ಆಕಾರದಲ್ಲೇ ಬಿಗಿಯುತ್ತವೆ. ಇಸ್ತ್ರಿ ಮಾಡುವ ಮುಂಚೆ ನಾವು ನೀರು ಚಿಮುಕಿಸುವುದೂ ಇದಕ್ಕೇ. ಆದರೆ ಒಂದು ಮಳೆ ಬಂದರೆ ಮುಗಿಯಿತು. ಇಡೀ ಸೇವಂತಿಗೆ ಒದ್ದೆ ಚಿಂದಿಯ ಹಾಗೆ ಭುಜದ ಮೇಲೆ ಬೀಳುತ್ತಿತ್ತು. ಸ್ಟಬ್ಸ್ ಇದನ್ನು ಬಹಳ ಖುಷಿಯಿಂದ ಬರೆದಿದ್ದಾನೆ. ಒಗೆದಾಗಲೂ ಗಂಜಿ ಹೋಗುತ್ತದೆ, ಮತ್ತೆ ಮೊದಲಿಂದ ಮಡಿಕೆ. ಹಿಂದಿನ ಯುರೋಪಿನವರು ಬಟ್ಟೆಯನ್ನೇ ಒಗೆಯುತ್ತಿರಲಿಲ್ಲ ಅಂತ ಹರಟುವವರು ಆ ಅಗಸಗಿತ್ತಿಯರ ಕೈಯನ್ನು ಒಮ್ಮೆ ನೋಡಬೇಕಿತ್ತು.

ಕೈ ಅಂದೆನಲ್ಲ. ಗೋಧಿ ಗಂಜಿಗಿಂತ ಬೆಳ್ಳಗಿರುತ್ತದೆ ಅಂತ ಆರಮ್ ಎಂಬ ಕಾಡುಗಿಡದ ಗಡ್ಡೆಯಿಂದಲೂ ಗಂಜಿ ಮಾಡುತ್ತಿದ್ದರು. ಅದು ಅಗಸಗಿತ್ತಿಯರ ಕೈಯನ್ನು ಒಡೆಸಿ ಬೊಬ್ಬೆ ಏಳಿಸುತ್ತದೆ ಎಂದು ಗಿಡಮೂಲಿಕೆಗಳ ಪುಸ್ತಕ ಬರೆದ ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರಲ್ಲೇ ಹೇಳಿದ. ಯಾಕೆ ಅಂತ ಮಲೆನಾಡು, ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆರಮ್ ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದು. ಇವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿರುತ್ತವೆ, ನಿಜಕ್ಕೂ ಸೂಜಿಯಂಥ ಹರಳುಗಳು. ಪತ್ರೊಡೆಗೆ ಹುಣಸೆಹಣ್ಣು ಕಡಿಮೆ ಹಾಕಿದ ದಿನ ಗಂಟಲು ಕೆರೆಯುವುದೂ ಇವುಗಳಿಂದಲೇ.

ಗಂಜಿಯನ್ನು ಬೈಯಲು ನಿಜವಾದ ಕಾರಣವೂ ಇತ್ತು. ಗಂಜಿಗೆ ಹೋಗುತ್ತಿದ್ದದ್ದು ಗೋಧಿ. ಸ್ಟಬ್ಸ್ ಬರೆದು ಹತ್ತು ವರ್ಷ ಕಳೆದ ಮೇಲೆ, 1594ರಿಂದ 1597ರವರೆಗೆ, ಇಂಗ್ಲೆಂಡಿನಲ್ಲಿ ಸಾಲಾಗಿ ಬೆಳೆ ಕೆಟ್ಟಿತು, ಜನ ಹಸಿದರು. ತಿನ್ನುವ ಕಾಳನ್ನು ಕೊರಳಿಗೆ ಸುತ್ತಿಕೊಂಡರೆ ಸಿಟ್ಟು ಬರದೇ ಇರುತ್ತದಾ? ತಿನ್ನುವ ಕಾಳು ಹಾಳು ಅಂತ ಸ್ಟಬ್ಸ್ ಅಷ್ಟನ್ನೇ ಹೇಳಿದ್ದರೆ ಸಾಕಿತ್ತು. ಕರಿಬೆಕ್ಕು ಯಾಕೆ ಬೇಕಿತ್ತೋ!

ಸ್ಪೇನಿನಲ್ಲಿ ದೊರೆ ನಾಲ್ಕನೇ ಫಿಲಿಪ್ 1623ರಲ್ಲಿ ರಫ್ಫನ್ನೇ ನಿಷೇಧಿಸಿದ. ಬದಲಿಗೆ ಗೋಲಿಯಾ ಎಂಬ ಸರಳ ಪಟ್ಟಿ ಬಂತು: ರಟ್ಟು, ಮೇಲೆ ರೇಷ್ಮೆ. ಗಂಜಿಯ ಗೊಡವೆಯೇ ಇಲ್ಲ. ಅದನ್ನು ದೊರೆಗೆ ಮಾಡಿಕೊಡುತ್ತಿದ್ದ ಮ್ಯಾಡ್ರಿಡ್‌ನ ದರ್ಜಿಯ ಬಗ್ಗೆ ಒಂದು ಕಥೆಯಿದೆ. ಅವನ ಅಂಗಡಿಯಲ್ಲಿ ಹೊಗೆಯಾಡುವ ಪಾತ್ರೆ, ಹಿಡಿಕೆ ತಿರುಗಿಸುವ ವಿಚಿತ್ರ ಯಂತ್ರ ಕಂಡವರು ಇದು ಮಾಟವೇ ಸೈ ಅಂತ ಧರ್ಮವಿಚಾರಣೆಯವರಿಗೆ, ಅಂದರೆ ಮತಕ್ಕೆ ವಿರುದ್ಧ ನಡೆದವರನ್ನು ಹಿಡಿದು ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಮಂಡಳಿಗೆ, ಸುದ್ದಿ ಮುಟ್ಟಿಸಿದರಂತೆ. ದೊರೆಗೆಂದು ಮಾಡಿಟ್ಟ ಪಟ್ಟಿಗಳನ್ನು ಅಂಗಡಿಯ ಮುಂದೆಯೇ ಸುಟ್ಟರಂತೆ. ಪಾತ್ರೆಯಲ್ಲಿ ಕಾಯುತ್ತಿದ್ದದ್ದು ರಟ್ಟನ್ನು ಬಾಗಿಸಿ ನಿಲ್ಲಿಸಲು ಇಟ್ಟ ಅರಗು.