ಚೀಟಿ ಬದಲಾಯಿಸಿದರೆ ಕೆರೆ ಸಮುದ್ರ ಸೇರುತ್ತೆ

"ಸ್ವಾಮಿ, ನಮ್ಮ ಕೆರೆಗಳೆಲ್ಲ ಸಮುದ್ರದಲ್ಲಿವೆಯಲ್ಲ!" ಫೋನಿನಲ್ಲಿ ಮೇಷ್ಟ್ರು ಗಾಬರಿಯಾಗಿದ್ದರು.

ತುಮಕೂರು ಕಡೆಯ ನಿವೃತ್ತ ಮೇಷ್ಟ್ರು. ಎರಡು ಬೇಸಿಗೆ ಹುಡುಗರನ್ನು ಕಟ್ಟಿಕೊಂಡು ತಾಲ್ಲೂಕಿನ ಕೆರೆ ಏರಿಗಳ ಮೇಲೆ ನಡೆದಿದ್ದರು. ಫೋನಿನ ಜಿಪಿಎಸ್‌ನಲ್ಲಿ ಅಂಚು ಗುರುತು ಮಾಡಿ, ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಕೂಡಿಸಿದ್ದರು. ಅದನ್ನು ವೆಬ್ ನಕ್ಷೆ ಮಾಡಿಕೊಡುವ ಕೆಲಸ ನನ್ನದು. ಮಾಡಿದೆ. ತೆರೆದು ನೋಡದೆ ಲಿಂಕ್ ಕಳಿಸಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಕೆರೆಗಳು ಆಫ್ರಿಕಾದ ಪಕ್ಕ, ಗಿನಿ ಕೊಲ್ಲಿಯಲ್ಲಿದ್ದವು.

ಇದು ಮೇಷ್ಟ್ರೊಬ್ಬರ ಕಥೆಯಲ್ಲ. ತಿಂಗಳಿಗೆ ಒಬ್ಬರಾದರೂ ಇದೇ ಎಡವಟ್ಟು ಮಾಡಿಕೊಂಡು ಬರುತ್ತಾರೆ, ಎಂಜಿನಿಯರುಗಳೂ ಸೇರಿ. ಜಾಗವನ್ನು ಅಂಕಿಯಲ್ಲಿ ಹೇಳುವ ಪದ್ಧತಿಗೆ ಸಿಆರ್‌ಎಸ್ ಅಂತ ಹೆಸರು, 4326, 3857 ಅಂಥ ಎರಡು ಪದ್ಧತಿಗಳ ಸಂಖ್ಯೆ. ವೆಬ್ ನಕ್ಷೆಗೆ 3857 ಬೇಕು ಅಂತ ಎಲ್ಲೋ ಕೇಳಿರುತ್ತಾರೆ. ನಕ್ಷೆಯ ಪದರ, ಅಂದರೆ ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ, 'ಸೆಟ್ ಲೇಯರ್ ಸಿಆರ್‌ಎಸ್'ಗೆ ಹೋಗಿ, 4326 ಇದ್ದದ್ದನ್ನು 3857 ಮಾಡಿ ಕಳಿಸುತ್ತಾರೆ. ಆಯ್ತಲ್ಲ, ಬದಲಾಯಿತು ಅಂತ ಸಮಾಧಾನ.

ಬದಲಾಗಿದ್ದು ಮೇಲೆ ಅಂಟಿಸಿದ ಚೀಟಿ ಮಾತ್ರ, ಅಂದರೆ ಪದ್ಧತಿಯ ಹೆಸರು. ಒಳಗಿನ ಅಂಕಿ ಹಾಗೇ ಇದೆ. 4326ರಲ್ಲಿ ಲೆಕ್ಕ ಡಿಗ್ರಿಯಲ್ಲಿ, 3857ರಲ್ಲಿ ಮೀಟರಿನಲ್ಲಿ. ಪೂರ್ವಕ್ಕೆ 77 ಡಿಗ್ರಿ, ಉತ್ತರಕ್ಕೆ 13 ಡಿಗ್ರಿ ಇದ್ದ ಕೆರೆ ಈಗ 77 ಮೀಟರ್, 13 ಮೀಟರ್ ಆಯಿತು. ಎಲ್ಲಿಂದ? ಸಮಭಾಜಕವೂ ಗ್ರೀನಿಚ್ ರೇಖೆಯೂ ಕೂಡುವ ಸೊನ್ನೆ-ಸೊನ್ನೆ ಜಾಗದಿಂದ. ಅಲ್ಲಿರುವುದು ಬರೀ ನೀರು. ಮೇಷ್ಟ್ರ ಇಡೀ ತಾಲ್ಲೂಕು ಅಲ್ಲಿ ಒಂದು ಮೊಳದಷ್ಟಾಗಿತ್ತು. ಇಡೀ ಕರ್ನಾಟಕವನ್ನೇ ಹೀಗೆ ಕಳಿಸಿದರೂ ಸುಮಾರು 5 ಮೀಟರ್ ಅಗಲ, 7 ಮೀಟರ್ ಉದ್ದ. ಒಂದು ನಡುಮನೆಯಷ್ಟು!

ಇಷ್ಟು ಹೇಳಿದ ಮೇಲೆ ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಅಂದ್ರೆ, 20 ಗುಂಟೆ ಜಮೀನಿನ ಪತ್ರದಲ್ಲಿ ಗುಂಟೆ ಅಳಿಸಿ ಎಕರೆ ಅಂತ ಬರೆದ ಹಾಗೆ. ಲೆಕ್ಕ ಹಾಕಿ ಅರ್ಧ ಎಕರೆ ಅನ್ನಬೇಕಿತ್ತು, ಅಲ್ವಾ?" ಅಂದರು. ನನಗೆ ಇಷ್ಟು ವರ್ಷ ಹೊಳೆಯದ ಮಾತು. ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಕ್ಯೂಜಿಐಎಸ್‌ನಲ್ಲಿ ಆ ಲೆಕ್ಕ ಹಾಕುವುದು 'ರೀಪ್ರಾಜೆಕ್ಟ್ ಲೇಯರ್'. ಇಲ್ಲವೇ 'ಎಕ್ಸ್‌ಪೋರ್ಟ್' ಮಾಡುವಾಗ ಬೇಕಾದ ಸಿಆರ್‌ಎಸ್ ಆರಿಸುವುದು. ಆರ್ಕ್‌ಜಿಐಎಸ್ ಅನ್ನುವ ಇನ್ನೊಂದು ತಂತ್ರಾಂಶದವರಿಗೆ 'ಪ್ರಾಜೆಕ್ಟ್'. 'ಡಿಫೈನ್ ಪ್ರೊಜೆಕ್ಷನ್' ಅಂದರೆ ಮತ್ತೆ ಅದೇ ಚೀಟಿ.

ಇನ್ನೊಂದು ತಮಾಷೆ, ಮೇಷ್ಟ್ರು ಏನೂ ಮುಟ್ಟದೆ ಕಳಿಸಿದ್ದರೆ ಸಾಕಿತ್ತು. ವೆಬ್ ನಕ್ಷೆಗೆ ಕೊಡುವ ಜಿಯೋಜೇಸನ್ ಕಡತಕ್ಕೆ ಬೇಕಾದದ್ದು ಡಿಗ್ರಿಯೇ. 2016ರ ನಿಯಮವೇ ಹಾಗಿದೆ. ಪರದೆಗೆ ಬೇಕಾದ 3857 ಲೆಕ್ಕವನ್ನು ವೆಬ್ ನಕ್ಷೆ ತೋರಿಸುವ ಲೀಫ್‌ಲೆಟ್ ತಾನೇ ಮಾಡಿಕೊಳ್ಳುತ್ತದೆ.

"ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಕಾಣುತ್ತಲ್ಲ" ಅನ್ನುವವರಿಗೆ ಏನು ಹೇಳಲಿ? ಲೇಯರ್ ಒಂದೇ ಇದ್ದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಕೆಳಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಲೋಕದ ನಕ್ಷೆ ಹಾಕಿ ನೋಡಿ. ಲೇಯರ್ ಪ್ರಾಪರ್ಟೀಸ್‌ನಲ್ಲಿ 'ಎಕ್ಸ್‌ಟೆಂಟ್', ಅಂದರೆ ಲೇಯರಿನ ನಾಲ್ಕು ಅಂಚಿನ ಅಂಕಿ ನೋಡಿ. ತುಮಕೂರಿನ ಕಡೆಯದಾದರೆ ಮೊದಲ ಅಂಕಿ 77ರ ಆಸುಪಾಸು ಇದ್ದರೆ ಡಿಗ್ರಿ. 7 ಲಕ್ಷ ಚಿಲ್ಲರೆ ಇದ್ದರೆ ಬಹುಶಃ ಯುಟಿಎಂ 43, ಭೂಮಿಯನ್ನು ಪಟ್ಟಿ ಪಟ್ಟಿಯಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿಯ 43ನೇ ಪಟ್ಟಿ. 85 ಲಕ್ಷ ದಾಟಿದ್ದರೆ 3857. ಚೀಟಿ ಏನೇ ಹೇಳಲಿ, ಅಂಕಿಯನ್ನು ನಂಬಿ.

ಬಹುಶಃ ಅಂದದ್ದು ಸುಮ್ನೆ ಅಲ್ಲ. 78 ಡಿಗ್ರಿ ದಾಟಿದರೆ ಯುಟಿಎಂ 44 ಶುರು, ಕೋಲಾರ ಪಟ್ಟಣ ಆ ಕಡೆಗಿದೆ. ಹಳೆಯ ಟೋಪೋಶೀಟಿನಿಂದ, ಅಂದರೆ ಕಾಗದದ ಸರ್ವೆ ನಕ್ಷೆಯಿಂದ ಎಳೆದ ಗೆರೆಗಳಾದರೆ ಇನ್ನೂ ಫಜೀತಿ. ಅವು ಭೂಮಿಯ ಆಕಾರದ ಹಳೆಯ ಎವರೆಸ್ಟ್ ಲೆಕ್ಕದವು, ಅಲ್ಲೂ ಡಿಗ್ರಿಯೇ ಇರಬಹುದು. ಅಂಕಿ ನೋಡಿದರೆ ಗೊತ್ತಾಗುವುದಿಲ್ಲ, ಆದರೆ ನಕ್ಷೆಯಲ್ಲಿ ನೂರು ಮೀಟರಿಗೂ ಜಾಸ್ತಿ ಜರುಗಿರುತ್ತದೆ. ಅಂಥದ್ದು ಬಂದರೆ ನಾನು ಊಹೆಗೆ ಹೋಗುವುದಿಲ್ಲ. ಯಾವ ಹಾಳೆಯಿಂದ ಎಳೆದಿರಿ ಅಂತ ಕೇಳಿ, ಆ ಹಾಳೆಯ ಅಂಚಿನ ಫೋಟೋ ತರಿಸಿಕೊಳ್ಳುತ್ತೇನೆ.